ಅಪ್‌ಡೇಟ್: ಪ್ರೆಗ್ನೆನ್ಸಿ ಟೆಸ್ಟ್ ನೆಗೆಟಿವ್, ಮುಟ್ಟೂ ಆಯ್ತು

ಕಾಂಡೋಮ್ ಹರಿದಿದ್ದಕ್ಕೆ 72 ಗಂಟೆಯೊಳಗೆ ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ ಅನ್ನೋ ತುರ್ತು ಗರ್ಭನಿರೋಧಕ ಮಾತ್ರೆ ತಗೊಂಡಿದ್ದೆ, ಮುಟ್ಟು ತಡವಾಗ್ತಿದೆ, ಏನು ಮಾಡ್ಲಿ ಅಂತ ಕೇಳಿದ್ದೆನಲ್ಲ. ಟೆಸ್ಟ್ ನೆಗೆಟಿವ್ ಬಂತು, ಆಮೇಲೆ ಮುಟ್ಟೂ ಆಯ್ತು. ಧೈರ್ಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್.

ಡಾಕ್ಟರನ್ನೂ ಕಂಡೆ. ಈ ಮಾತ್ರೆ ಅಂಡಾಣು ಬಿಡುಗಡೆಯನ್ನು ಮುಂದೂಡುತ್ತೆ ಅಷ್ಟೇ, ಆಗಲೇ ನಿಂತ ಗರ್ಭವನ್ನು ತೆಗೆಯಲ್ಲ. ಮುಟ್ಟು ಸ್ವಲ್ಪ ಹಿಂದೆಮುಂದೆ ಆಗೋದು ಸಾಮಾನ್ಯ. ಒಂದು ವಾರಕ್ಕಿಂತ ತಡವಾದ್ರೆ ಟೆಸ್ಟ್ ಮಾಡ್ಲೇಬೇಕು. ನುಂಗಿದ 2 ಗಂಟೆಯೊಳಗೆ ವಾಂತಿಯಾದ್ರೆ ಇನ್ನೊಂದು ತಗೋಬೇಕಂತೆ. ಆಮೇಲಿನ ಸಂಭೋಗಕ್ಕೆ ಇದರ ರಕ್ಷಣೆ ಇಲ್ಲ, ಇದಂತೂ ನನಗೆ ಗೊತ್ತೇ ಇರ್ಲಿಲ್ಲ.

ಕಾಪರ್-ಟಿಯನ್ನು (ಗರ್ಭಕೋಶದೊಳಗೆ ಇಡೋ ಗರ್ಭನಿರೋಧಕ ಸಾಧನ) ಸಂಭೋಗವಾದ 5 ದಿನದೊಳಗೆ ಹಾಕಿಸಿದ್ರೆ ಮಾತ್ರೆಗಿಂತ ಪರಿಣಾಮಕಾರಿ, ಮುಂದೆ ವರ್ಷಗಟ್ಟಲೆ ಚಿಂತೆಯೂ ಇಲ್ಲ. ಇದನ್ನ ಯಾರೂ ಹೇಳ್ಲೇ ಇಲ್ವಲ್ಲ! ನಾನು ಅದನ್ನೇ ಹಾಕಿಸ್ಕೊಳ್ತಿದ್ದೀನಿ.