ಸ್ಕಾಟ್ಲೆಂಡ್‌ನ ಚಳಿಯಲ್ಲಿ ಸ್ವೀಟ್ ಕಾರ್ನ್ ತೆನೆ ಕಟ್ಟುತ್ತಾ? ಪ್ರಶ್ನೋತ್ತರ

ಪ್ರಶ್ನೆ (ಎಡಿನ್‌ಬರೋ): ನಮಸ್ಕಾರ ಮೇಡಂ. ನಮ್ಮದು ಹಾವೇರಿ ಕಡೆ. ಇಲ್ಲಿ ಒಂದು ಸಣ್ಣ ಅಲಾಟ್‌ಮೆಂಟ್ (ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಜಾಗ) ಸಿಕ್ಕಿದೆ. ಹೋದ ವರ್ಷ ಊರಿಂದ ತಂದ ಗೋವಿನಜೋಳದ ಬೀಜ ಸ್ವಲ್ಪ, ಇಲ್ಲಿನ ಅಂಗಡಿಯ ಸೂಪರ್ ಸ್ವೀಟ್ (ಹೆಚ್ಚು ಸಿಹಿ ಇರುವ ಸ್ವೀಟ್ ಕಾರ್ನ್ ಬಗೆ) ಬೀಜ ಸ್ವಲ್ಪ, ಎರಡನ್ನೂ ಏಪ್ರಿಲ್ ನಡುವಿನಲ್ಲಿ ನೇರವಾಗಿ ಮಣ್ಣಿಗೆ ಹಾಕಿದೆ. ಅಂಗಡಿಯ ಬೀಜ ಹುಟ್ಟಲೇ ಇಲ್ಲ. ಊರಿನ ಬೀಜ ಹುಟ್ಟಿ ಎದೆಯೆತ್ತರ ಬೆಳೆಯಿತು, ಆದರೆ ಸೆಪ್ಟೆಂಬರ್ ಮುಗಿದರೂ ಸೂಲಂಗಿ (ಗಿಡದ ತುದಿಯ ಹೂಗೊಂಚಲು) ಒಡೆಯಲಿಲ್ಲ. ಜೂನ್‌ನಲ್ಲಿ ರಾತ್ರಿ 10ರವರೆಗೆ ಬೆಳಕಿರುತ್ತದೆ ಇಲ್ಲಿ. ಅಷ್ಟು ಬೆಳಕಿದ್ದೂ ಯಾಕೆ ಹೀಗೆ?

ಉತ್ತರ: ನಮಸ್ಕಾರ. ಊರಿನ ಬೀಜಕ್ಕೆ ತೊಂದರೆ ಕೊಟ್ಟಿದ್ದೇ ಆ ಬೆಳಕು. ಉಷ್ಣವಲಯದ ಗೋವಿನಜೋಳದ ತಳಿಗಳು ಹಗಲು ಎಷ್ಟು ಉದ್ದ ಅನ್ನುವುದನ್ನು ನೋಡಿ ಹೂ ಬಿಡುತ್ತವೆ. ಹಾವೇರಿಯಲ್ಲಿ ಜೂನ್ ಹಗಲು ಸುಮಾರು 13 ಗಂಟೆ, ಎಡಿನ್‌ಬರೋದಲ್ಲಿ ಹದಿನೇಳೂವರೆ. ಅಷ್ಟು ಉದ್ದದ ಹಗಲಿನಲ್ಲಿ ಅವು ಎಲೆ ಮೇಲೆ ಎಲೆ ಬಿಡುತ್ತಾ ಹೂವನ್ನು ಮುಂದೂಡುತ್ತವೆ. ಹೂ ಬರುವ ಹೊತ್ತಿಗೆ ಚಳಿ ಬಂದಿರುತ್ತದೆ. ಗೊಬ್ಬರ, ನೀರು ಎಷ್ಟು ಕೊಟ್ಟರೂ ಇದು ಸರಿಹೋಗುವುದಿಲ್ಲ. ಇನ್ನೊಂದು ಮಾತು: ಭಾರತದಿಂದ ಇಲ್ಲಿಗೆ ಬಿತ್ತನೆ ಬೀಜ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ದಯವಿಟ್ಟು ಸುಮ್ನೆ ಚೀಲದಲ್ಲಿ ಹಾಕಿಕೊಂಡು ಬರಬೇಡಿ.

ಅಂಗಡಿಯ ಬೀಜ ಕೆಟ್ಟಿದ್ದು ಮಣ್ಣಿನ ಚಳಿಗೆ. ಸೂಪರ್ ಸ್ವೀಟ್ ಕಾಳು ಒಣಗಿದಾಗ ಸುಕ್ಕಾಗಿರುತ್ತದೆ, ನೋಡಿರುತ್ತೀರಿ. ಅದರಲ್ಲಿ ಪಿಷ್ಟ ಕಡಿಮೆ, ಅಂದರೆ ಮೊಳಕೆಗೆ ಬುತ್ತಿ ಕಡಿಮೆ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಹಳೆಯ ಬಗೆಯ ಸಾಧಾರಣ ಸಿಹಿ ತಳಿಗಳಿಗೆ ಮಣ್ಣು 10–12 ಡಿಗ್ರಿ ಇದ್ದರೂ ಹೇಗೋ ನಡೆಯುತ್ತದೆ. ಸೂಪರ್ ಸ್ವೀಟ್‌ಗೆ 15–16 ಬೇಕು. ಏಪ್ರಿಲ್‌ನಲ್ಲಿ ಎಡಿನ್‌ಬರೋದ ಬಯಲು ಮಣ್ಣು ಅಷ್ಟು ಬಿಸಿಯಾಗುವುದಿಲ್ಲ.

ಬೆಳವಣಿಗೆಯ ಲೆಕ್ಕವನ್ನೂ ನೋಡಿ. 10 ಡಿಗ್ರಿಗಿಂತ ಕೆಳಗೆ ಗೋವಿನಜೋಳ ಹೆಚ್ಚುಕಮ್ಮಿ ನಿಂತೇ ಬಿಡುತ್ತದೆ. ದಿನದ ಸರಾಸರಿ 25 ಡಿಗ್ರಿ ಇದ್ದರೆ ಗಿಡಕ್ಕೆ ಉಪಯೋಗಕ್ಕೆ ಬರುವುದು 15 ಡಿಗ್ರಿ. ಎಡಿನ್‌ಬರೋದ ಜುಲೈ ಸರಾಸರಿ ಸುಮಾರು 15, ಅಂದರೆ ಸಿಗುವುದು 5 ಡಿಗ್ರಿ ಮಾತ್ರ. ಊರಿನಲ್ಲಿ ಒಂದು ದಿನದಲ್ಲಿ ಆಗುವ ಬೆಳವಣಿಗೆಗೆ ನಿಮ್ಮಲ್ಲಿ ಮೂರು ದಿನ ಬೇಕು. ಆದ್ದರಿಂದ ನಾವು ಮಾಡುವ ಕೆಲಸವೆಲ್ಲ ಗಿಡಕ್ಕೆ ನಾಲ್ಕು ಡಿಗ್ರಿ ಹೆಚ್ಚಿನ ಬಿಸಿ, ಒಂದು ತಿಂಗಳು ಮುಂಚಿನ ಆರಂಭ ಕೊಡಿಸುವುದಕ್ಕೇ.

ಪ್ರಶ್ನೆ (ಅದೇ ಸದಸ್ಯರು): ಹಾಗಾದ್ರೆ ಈ ವರ್ಷ ಎಲ್ಲಿಂದ ಶುರು ಮಾಡಲಿ ಮೇಡಂ? ಅಲಾಟ್‌ಮೆಂಟ್ ಬಯಲಲ್ಲಿದೆ, ಗಾಳಿ ಜಾಸ್ತಿ.

ಉತ್ತರ: ಮೊದಲು ಬೀಜ. ಪೊಟ್ಟಣದ ಮೇಲೆ ಬೇಗ ಬರುವ ತಳಿ ಅಂತ ಇರಲೇಬೇಕು. ಸಂಡಾನ್ಸ್, ಸ್ವಿಫ್ಟ್ ಎರಡೂ ತಂಪು ಜಾಗಗಳಲ್ಲಿ ಜನ ನಂಬಿರುವ ಹೈಬ್ರಿಡ್‌ಗಳು. ಬೀಜ ಉಳಿಸಿಕೊಂಡು ಮತ್ತೆ ಬಿತ್ತುವ ಆಸೆ ಇದ್ದರೆ 1902ರಿಂದ ಮಾರುಕಟ್ಟೆಯಲ್ಲಿರುವ ಗೋಲ್ಡನ್ ಬ್ಯಾಂಟಮ್ ಆಗುತ್ತದೆ, ಅದು ಹೈಬ್ರಿಡ್ ಅಲ್ಲ, ಉಳಿಸಿದ ಬೀಜದಿಂದ ಅದೇ ತಳಿ ಬರುತ್ತದೆ. ಆದರೆ ನಿಮ್ಮಷ್ಟು ಉತ್ತರದಲ್ಲಿ ನನಗೆ ಹೈಬ್ರಿಡ್ ಮೇಲೇ ಹೆಚ್ಚು ಭರವಸೆ.

ಏಪ್ರಿಲ್ ಕೊನೆಗೆ ಮನೆಯೊಳಗೆ, ಆಳವಾದ ಕುಂಡಗಳಲ್ಲಿ ಬಿತ್ತಿ. ಟಾಯ್ಲೆಟ್ ಪೇಪರ್ ರೋಲ್‌ನ ರಟ್ಟಿನ ಕೊಳವೆಯೂ ಆಗುತ್ತದೆ. ಕೊಳವೆಗೊಂದು ಬೀಜ, ಒಂದು ಇಂಚು ಆಳ, 18–20 ಡಿಗ್ರಿ ಇರುವ ಕೋಣೆ. ಈ ಬೆಳೆಗೆ ಬೇರು ಅಲುಗಾಡಿಸುವುದು ಆಗಿಬರುವುದಿಲ್ಲ, ರಟ್ಟಿನ ಸಮೇತ ನೆಟ್ಟರೆ ಆ ಚಿಂತೆ ಇಲ್ಲ. ಮೊಳಕೆ ಬಂದ ಮೇಲೆ ಒಳ್ಳೆ ಬೆಳಕಿರುವ ಕಿಟಕಿ ಬೇಕು, ಇಲ್ಲದಿದ್ದರೆ ಸಸಿ ಸೊರಗಿ ಉದ್ದವಾಗುತ್ತದೆ.

ಮೇ ಮಧ್ಯದಲ್ಲಿ ಪಾತಿಗೆ ಚೆನ್ನಾಗಿ ಕಾಂಪೋಸ್ಟ್ ಬೆರೆಸಿ, ಮೇಲೆ ಕಪ್ಪು ಪ್ಲಾಸ್ಟಿಕ್ ಹಾಸಿ, ಅಂಚಿಗೆ ಮಣ್ಣು ಹೇರಿ. ಎರಡು ಮೂರು ವಾರದಲ್ಲಿ ಮಣ್ಣು ಬೆಚ್ಚಗಾಗುತ್ತದೆ. ಅಷ್ಟರಲ್ಲಿ ಸಸಿಗಳನ್ನು ಒಂದು ವಾರ, ಹತ್ತು ದಿನ ಹಗಲು ಹೊರಗಿಟ್ಟು ರಾತ್ರಿ ಒಳಗೆ ತಂದು ಚಳಿಗೆ ಪಳಗಿಸಿ. ಜೂನ್ ಮೊದಲ ವಾರದ ನಂತರ, ಹಿಮ ಬೀಳುವ ಭಯ ಕಳೆದ ಮೇಲೆ, ಪ್ಲಾಸ್ಟಿಕ್‌ನಲ್ಲಿ ತೂತು ಮಾಡಿ ನಾಟಿ ಮಾಡಿ. ಮೇಲೆ ಫ್ಲೀಸ್ (ಗಿಡಗಳಿಗೆ ಹೊದಿಸುವ ತೆಳು ಬಟ್ಟೆ) ಸಡಿಲವಾಗಿ ಹೊದಿಸಿ. ನಿಮ್ಮ ಜಾಗದಲ್ಲಿ ಗಾಳಿ ಜಾಸ್ತಿ ಅಂದಿರಿ, ಪಡುವಣ ಬದಿಗೆ ಒಂದು ಬಲೆಯ ತಡೆ ಕಟ್ಟಿದರೆ ಫ್ಲೀಸ್‌ನಷ್ಟೇ ಉಪಯೋಗ. ಸೂಲಂಗಿ ಕಾಣಿಸುವ ಮೊದಲು ಫ್ಲೀಸ್ ತೆಗೆಯಲೇಬೇಕು, ಮರೆಯಬೇಡಿ.

ಪ್ರಶ್ನೆ (ಗ್ಲಾಸ್ಗೋ): ನಾಟಿ ಆದ ಮೇಲೆ ನಮ್ಮ ಸಸಿಗಳ ಎಲೆ ನೇರಳೆ ಬಣ್ಣಕ್ಕೆ ತಿರುಗಿತ್ತು. ರಂಜಕ ಕಡಿಮೆ ಅಂತ ಪಕ್ಕದವರು ಗೊಬ್ಬರ ಹಾಕಿಸಿದರು. ಸರೀನಾ?

ಉತ್ತರ: ರಂಜಕ ಮಣ್ಣಿನಲ್ಲೇ ಇರುತ್ತದೆ, ತಣ್ಣಗಿರುವ ಬೇರು ಅದನ್ನು ಎಳೆದುಕೊಳ್ಳಲಾರದು, ಅಷ್ಟೆ. ಬೆಚ್ಚಗಾದರೆ ಹೊಸ ಎಲೆ ಹಸಿರಾಗಿಯೇ ಬರುತ್ತದೆ. ಗೊಬ್ಬರ ಸುರಿಯಬೇಡಿ, ಫ್ಲೀಸ್ ಹೊದಿಸಿ ಕಾಯಿರಿ.

ಪ್ರಶ್ನೆ (ನ್ಯೂಕ್ಯಾಸಲ್): ಅಕ್ಕಾ, ನಮ್ಮಲ್ಲಿ ತೆನೆ ಬಂತು, ಆದರೆ ಒಳಗೆ ಕಾಳು ಅಲ್ಲೊಂದು ಇಲ್ಲೊಂದು. ಬೇಲಿ ಉದ್ದಕ್ಕೂ ಒಂದೇ ಸಾಲು ಹಾಕಿದ್ದೆ. ಜೇನುನೊಣ ಬರಲಿಲ್ಲ ಅಂತಾನಾ?

ಉತ್ತರ: ಜೇನುನೊಣ ಇಲ್ಲಿ ಬೇಕಾಗಿಲ್ಲ. ತುದಿಯ ಸೂಲಂಗಿ ಗಂಡು ಹೂ, ಅದರ ಪರಾಗ ಗಾಳಿಯಲ್ಲಿ ಉದುರುತ್ತದೆ. ತೆನೆಯಿಂದ ಹೊರಬರುವ ಒಂದೊಂದು ರೇಷ್ಮೆ ಎಳೆಯೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದು. ಯಾವ ಎಳೆಗೆ ಪರಾಗ ತಾಗಲಿಲ್ಲವೋ ಆ ಕಾಳು ಇಲ್ಲ. ನೀವು ಕಂಡ ಖಾಲಿ ಜಾಗಗಳೆಲ್ಲ ಅವೇ. ಜೊತೆಗೆ, ಒಂದು ಗಿಡದ ಸೂಲಂಗಿ ಸಾಮಾನ್ಯವಾಗಿ ಅದರದೇ ಎಳೆಗಳಿಗಿಂತ ಸ್ವಲ್ಪ ಮುಂಚೆ ಒಡೆಯುತ್ತದೆ. ಹಾಗಾಗಿ ಪಕ್ಕದ ಗಿಡಗಳ ಪರಾಗ ಬೇಕೇ ಬೇಕು. ಒಂದೇ ಸಾಲಿದ್ದರೆ ಅಡ್ಡಗಾಳಿಗೆ ಎಲ್ಲ ಹಾರಿಹೋಗುತ್ತದೆ.

ಈ ಸಲ ಚೌಕವಾಗಿ ನೆಡಿ. 40 ಸೆಂಟಿಮೀಟರ್ ಅಂತರದಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 16 ಗಿಡ. ಅದಕ್ಕಿಂತ ಕಡಿಮೆ ಜಾಗ ಇದ್ದರೆ ಬೇರೆ ಬೆಳೆ ಹಾಕಿ ಅಂತಲೇ ನಾನು ಹೇಳುವುದು. ಎಳೆ ಹೊರಬಂದ ಮೇಲೆ ಒಣ ಇರುವ ಬೆಳಿಗ್ಗೆ ಹೊತ್ತು ಹೋಗಿ ಗಿಡಗಳನ್ನು ಮೆಲ್ಲಗೆ ತಟ್ಟಿ, ಹಳದಿ ಹುಡಿ ಉದುರುವುದು ಕಾಣುತ್ತದೆ. ಒಂದು ವಾರ ದಿನಾ ಮಾಡಿ. ಆ ದಿನಗಳಲ್ಲಿ ನೀರು ಒಂದು ದಿನವೂ ತಪ್ಪಬಾರದು. ಚಳಿ ಸೀಮೆಯಲ್ಲಿ ಗಿಡಕ್ಕೆ ಒಂದು ಒಳ್ಳೆ ತೆನೆ ಬಂದರೆ ಅದು ಪೂರ್ತಿ ಫಸಲೇ, ಎರಡು ಬಂದರೆ ಅದೃಷ್ಟ.

ಪ್ರಶ್ನೆ (ಅಬರ್‌ಡೀನ್): ನಮಗೆ ಪಾಲಿಟನಲ್ (ಪ್ಲಾಸ್ಟಿಕ್ ಹೊದಿಸಿದ ಕಮಾನಿನ ಮನೆ) ಇದೆ. ಒಳಗೇ ಹಾಕಬಹುದಾ? ಬುಡದಲ್ಲಿ ಮರಿ ಒಡೆದರೆ ಕೀಳಬೇಕಾ?

ಉತ್ತರ: ಖಂಡಿತ ಹಾಕಿ, ಅಬರ್‌ಡೀನ್‌ನಲ್ಲಿ ಅದೇ ಸರಿಯಾದ ದಾರಿ. ಒಳಗೆ ಗಾಳಿ ಇಲ್ಲ, ಆದ್ದರಿಂದ ತಟ್ಟುವ ಕೆಲಸ ಬಿಡುವಂತಿಲ್ಲ. ಮರಿ ಕೀಳಬೇಡಿ. ಬುಡದ ಗೆಣ್ಣಿನಿಂದ ಬೇರು ಇಳಿಯುವುದು ಕಂಡರೆ ಮಣ್ಣು ಏರಿಸಿ, ಗಿಡ ಗಟ್ಟಿಯಾಗಿ ನಿಲ್ಲುತ್ತದೆ. ಮತ್ತೆ, ಸೂಪರ್ ಸ್ವೀಟ್ ಜೊತೆಗೆ ಬೇರೆ ಬಗೆಯ ಗೋವಿನಜೋಳವನ್ನು, ಪಾಪ್‌ಕಾರ್ನ್ ಸೇರಿ, ಒಟ್ಟಿಗೆ ಹಾಕಬೇಡಿ. ಬೇರೆ ಪರಾಗ ತಾಗಿದರೆ ಅದೇ ವರ್ಷದ ಕಾಳೇ ಸಿಹಿ ಕಳೆದುಕೊಂಡು ಹಿಟ್ಟುಹಿಟ್ಟಾಗುತ್ತದೆ.

ಪ್ರಶ್ನೆ (ಎಡಿನ್‌ಬರೋ, ಮೊದಲು ಕೇಳಿದವರು): ತುಂಬಾ ಥ್ಯಾಂಕ್ಸ್ ಮೇಡಂ. ಕೊನೇದಾಗಿ, ಯಾವಾಗ ಮುರಿಯಬೇಕು? ಬಲಿಯದೆ ಉಳಿದರೆ ಏನು ಮಾಡಲಿ?

ಉತ್ತರ: ರೇಷ್ಮೆ ಎಳೆ ಕಂದಾಗಿ ಒಣಗಿದ ಮೇಲೆ ತೆನೆಯ ಸಿಪ್ಪೆ ಸ್ವಲ್ಪ ಸರಿಸಿ ಒಂದು ಕಾಳಿಗೆ ಉಗುರು ಒತ್ತಿ. ನೀರಿನಂಥ ರಸ ಬಂದರೆ ಇನ್ನೂ ಎಳಸು, ಹಾಲು ಬಂದರೆ ಆಗಲೇ ಮುರಿಯಿರಿ, ಹಿಟ್ಟಿನ ಹಾಗಿದ್ದರೆ ಬಲಿತುಹೋಗಿದೆ. ನಿಮ್ಮಲ್ಲಿ ಇದು ಸೆಪ್ಟೆಂಬರ್ ಮಾತು. ಮುರಿದ ಗಳಿಗೆಯಿಂದಲೇ ಸಕ್ಕರೆ ಪಿಷ್ಟವಾಗಲು ಶುರು, ಹಳೆಯ ಬಗೆಯ ತಳಿಗಳಲ್ಲಂತೂ ಬಹಳ ಬೇಗ. ಅವತ್ತೇ ಬೇಯಿಸಿ ತಿನ್ನಿ.

ಕಿತ್ತ ಮೇಲೆ ತೆನೆ ಮನೆಯಲ್ಲಿ ಬಲಿಯುವುದಿಲ್ಲ. ಸೆಪ್ಟೆಂಬರ್ ಬಂದ ಮೇಲೆ ಹೊಸದಾಗಿ ಎಳೆ ಬಿಟ್ಟ ತೆನೆಗಳು ಕಂಡರೆ ಕಾಯಬೇಡಿ, ಒಂದೆರಡು ದಿನದೊಳಗೆ ಬೆರಳುದ್ದ ಇರುವಾಗಲೇ ಮುರಿದುಬಿಡಿ. ಬೇಬಿ ಕಾರ್ನ್ ಅಂದರೆ ಅದೇ, ಪಲ್ಯಕ್ಕೆ ಚೆನ್ನಾಗಿರುತ್ತದೆ.