ಬಯೋಸ್ ನವೀಕರಿಸಿದ ಮೇಲೆ ಕಂಪ್ಯೂಟರ್ ಏಳಲು ಒಂದು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿದೆ

ಪ್ರಶ್ನೆ: ಡೊಂಬಿವಲಿಯಿಂದ

ಮಾನ್ಯರೇ,

ನಾನು ಮನೆಯಲ್ಲಿಯೇ ಕನ್ನಡ ಪುಸ್ತಕ, ಲಗ್ನಪತ್ರಿಕೆ, ಸಂಘಗಳ ಸ್ಮರಣ ಸಂಚಿಕೆಗಳ ಪುಟವಿನ್ಯಾಸ ಮಾಡಿಕೊಂಡಿರುವವನು. ಈ ಕೆಲಸಕ್ಕೆಂದು ಎರಡು ವರ್ಷಗಳ ಹಿಂದೆ ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಕೊಂಡು ಅಲ್ಲಿಯೇ ಜೋಡಿಸಿಸಿಕೊಂಡು ತಂದ ಯಂತ್ರ ನನ್ನದು. ರೈಸನ್ 7 7700 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಸ್ಟಿಕ್‌ಗಳು, ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ವಿಂಡೋಸ್ 11.

ಕಳೆದ ಭಾನುವಾರ ಮದರ್‌ಬೋರ್ಡ್ ತಯಾರಕರ ಜಾಲತಾಣದಿಂದ ಹೊಸ ಬಯೋಸನ್ನು (ಗುಂಡಿ ಒತ್ತಿದೊಡನೆ ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನಲ್ಲಿಯೇ ಇರುವ ತಂತ್ರಾಂಶ) ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಯುಪಿಎಸ್ ಪೂರ್ತಿ ಚಾರ್ಜ್ ಆಗಿದೆಯೆಂದು ನೋಡಿಕೊಂಡೇ (ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋದೀತೆಂದು ಹೇಳಲಾಗದು) ನವೀಕರಿಸಿದೆ. ಮೊದಲ ಸಲ ಪರದೆ ನಾಲ್ಕೈದು ನಿಮಿಷ ಕಪ್ಪಾಗಿಯೇ ಇತ್ತು. ಎದೆ ಬಡಿದುಕೊಳ್ಳುತ್ತಿದ್ದರೂ ಗುಂಡಿ ಮುಟ್ಟದೆ ಕುಳಿತೆ. ಕೊನೆಗೆ ತಾನಾಗಿಯೇ ಎದ್ದಿತು. ರ‍್ಯಾಮಿನ ವೇಗ 6000ದಿಂದ 4800ಕ್ಕೆ ಇಳಿದಿದ್ದುದನ್ನು ಕಂಡು ಎಕ್ಸ್‌ಪೋ ಪ್ರೊಫೈಲನ್ನು (ರ‍್ಯಾಮನ್ನು ಅದರ ತಯಾರಕರು ಹೇಳಿದ ಹೆಚ್ಚಿನ ವೇಗದಲ್ಲಿ ಓಡಿಸುವ ಸಿದ್ಧ ಸೆಟ್ಟಿಂಗ್) ಮತ್ತೆ ಆನ್ ಮಾಡಿದೆ. ಅಂದಿನಿಂದ, ಹಿಂದೆ ಇಪ್ಪತ್ತು ಸೆಕೆಂಡಿಗೆಲ್ಲ ಡೆಸ್ಕ್‌ಟಾಪ್ ತೋರಿಸುತ್ತಿದ್ದ ಯಂತ್ರ ಈಗ ಪ್ರತಿದಿನ ಬೆಳಿಗ್ಗೆ ಒಂದು ನಿಮಿಷಕ್ಕೂ ಮೀರಿ ಕಾಯಿಸುತ್ತಿದೆ. ಒಮ್ಮೆ ತೆರೆದುಕೊಂಡರೆ ಕೆಲಸದಲ್ಲಿ ಯಾವ ನಿಧಾನವೂ ಇಲ್ಲ. ಸ್ಲೀಪ್‌ನಲ್ಲಿಟ್ಟರೆ ಮೌಸ್ ಅಲುಗಿಸಿದೊಡನೆ ಏಳುತ್ತದೆ.

ಸ್ಟಾರ್ಟ್‌ಅಪ್‌ನಲ್ಲಿದ್ದ ಎಲ್ಲ ಆ್ಯಪ್‌ಗಳನ್ನೂ ನಿಲ್ಲಿಸಿ ನೋಡಿದೆ, ವ್ಯತ್ಯಾಸವಾಗಲಿಲ್ಲ. ನಮ್ಮ ಬೀದಿಯ ರಿಪೇರಿಯವರು ಎಸ್‌ಎಸ್‌ಡಿ ದುರ್ಬಲವಾಗಿದೆ, ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಬೇಕು ಎನ್ನುತ್ತಿದ್ದಾರೆ. ಮುಂದಿನ ವಾರ ಅಚ್ಚಿಗೆ ಹೋಗಬೇಕಾದ ಸಂಚಿಕೆ ಇದರಲ್ಲಿಯೇ ಇರುವುದರಿಂದ, ಫಾಂಟುಗಳಿಂದ ಹಿಡಿದು ಎಲ್ಲವನ್ನೂ ಮತ್ತೆ ಜೋಡಿಸುವ ಧೈರ್ಯ ನನಗಿಲ್ಲ. ಬೇರೆ ದಾರಿಯಿದೆಯೇ?

ಉತ್ತರ: ಪುಣೆಯಿಂದ

ನವೀಕರಣದಿಂದ ಬಯೋಸ್‌ನ ಸೆಟ್ಟಿಂಗ್‌ಗಳೆಲ್ಲ ಮೂಲಸ್ಥಿತಿಗೆ ಮರಳುವುದು ಸಾಮಾನ್ಯ. ನನ್ನ ಹಳೆಯ ಇಂಟೆಲ್ ಯಂತ್ರದಲ್ಲಿ ಹೀಗಾದಾಗ ಬೂಟ್ ಸರದಿಯಲ್ಲಿ (ಏಳುವಾಗ ಯಂತ್ರ ಯಾವುದನ್ನು ಮೊದಲು ನೋಡಬೇಕೆಂಬ ಪಟ್ಟಿಯಲ್ಲಿ) ನೆಟ್‌ವರ್ಕ್ ಮೊದಲ ಸ್ಥಾನಕ್ಕೆ ಬಂದು ಕುಳಿತಿತ್ತು; ಇಲ್ಲದ ಸರ್ವರನ್ನು ಹುಡುಕಿ ಸೋತ ನಂತರವೇ ಅದು ಎಸ್‌ಎಸ್‌ಡಿಯ ಕಡೆ ತಿರುಗುತ್ತಿತ್ತು. ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದೊಡನೆ ಸರಿಹೋಯಿತು. ತಾವೂ ಅದನ್ನು ನೋಡಿ. ಸಿಎಸ್‌ಎಂ (ಹಳೆಯ ಬಗೆಯ ಬೂಟ್‌ಗೆ ಅವಕಾಶ ಕೊಡುವ ಬಯೋಸ್ ಆಯ್ಕೆ) ಆನ್ ಆಗಿದ್ದರೆ, ಡಿಸ್ಕ್ ಜಿಪಿಟಿ ಎಂಬ ಹೊಸ ವಿಭಜನಾ ವಿಧಾನದಲ್ಲಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಆಫ್ ಮಾಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಆಗಿರಬಹುದು, ಅದನ್ನೂ ಪರೀಕ್ಷಿಸಿ.

ಉತ್ತರ: ವಾಸ್ಕೊದಿಂದ

ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ಪುಣೆಯವರು ಹೇಳಿದ್ದನ್ನು ನೋಡುವುದಕ್ಕೆ ಅಡ್ಡಿಯಿಲ್ಲ. ಆದರೆ ಫಾಸ್ಟ್ ಸ್ಟಾರ್ಟ್‌ಅಪ್ ಎಂಬುದು ವಿಂಡೋಸ್ ತನ್ನ ತಿರುಳಾದ ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟುಕೊಂಡು ಮರುದಿನ ಓದಿಕೊಳ್ಳುವ ಏರ್ಪಾಡಾದ್ದರಿಂದ, ವಿಂಡೋಸ್‌ಗೆ ಸರದಿ ಬರುವ ಮೊದಲೇ ಕಳೆದುಹೋಗುವ ಸಮಯವನ್ನು ಅದು ಉಳಿಸಲಾರದು. ಮೊದಲು ತಿಳಿಯಬೇಕಾದದ್ದು ಆ ಒಂದು ನಿಮಿಷ ಎಲ್ಲಿ ಹೋಗುತ್ತಿದೆ ಎಂಬುದು.

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಫೋನಿನ ಸ್ಟಾಪ್‌ವಾಚ್ ಹಿಡಿದುಕೊಂಡು ಗುಂಡಿ ಒತ್ತಿ. ತಮ್ಮ ಮದರ್‌ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿ-ರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿದ್ದರೆ (ಏಳುವಾಗ ಯಾವ ಭಾಗದ ಪರೀಕ್ಷೆ ನಡೆಯುತ್ತಿದೆಯೆಂದು ತೋರಿಸುವವು), ಯಾವುದು ಎಷ್ಟು ಹೊತ್ತು ಉರಿಯಿತು, ತಯಾರಕರ ಲೋಗೋ ಎಷ್ಟನೆಯ ಸೆಕೆಂಡಿಗೆ ಬಂತು, ಲೋಗೋ ಬಂದ ಮೇಲೆ ಡೆಸ್ಕ್‌ಟಾಪ್‌ಗೆ ಎಷ್ಟು ಹಿಡಿಯಿತು ಎಂದು ಬರೆದುಕೊಳ್ಳಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪುಟದಲ್ಲಿ ‘ಲಾಸ್ಟ್ ಬಯೋಸ್ ಟೈಮ್’ ಎಂಬ ಅಂಕಿಯೂ ಸಿಗುತ್ತದೆ. ಆದರೆ ಅದು ಫರ್ಮ್‌ವೇರ್ (ಎಂದರೆ ಬಯೋಸ್) ತಾನೇ ವಿಂಡೋಸ್‌ಗೆ ಒಪ್ಪಿಸುವ ಲೆಕ್ಕ. ಗುಂಡಿ ಒತ್ತಿದ ಕ್ಷಣದಿಂದಲೇ ಎಣಿಸಿರುತ್ತದೆಂದು ನಂಬಬೇಕಾಗಿಲ್ಲ. ಕೈಯಲ್ಲಿರುವ ಗಡಿಯಾರವೇ ಮೇಲು.

ನನ್ನ ಊಹೆ ಹೇಳುತ್ತೇನೆ: ಡಿ-ರ‍್ಯಾಮ್ ದೀಪವೇ ಬಹುಹೊತ್ತು ಉರಿಯುತ್ತಿರಬೇಕು. ಡಿಡಿಆರ್5 ರ‍್ಯಾಮ್ ಓಡುವ ವೇಗದಲ್ಲಿ ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿಗೂ ಸ್ಟಿಕ್ಕಿನ ಚಿಪ್ಪುಗಳಿಗೂ ನಡುವೆ ಸಂಕೇತ ಯಾವ ಕ್ಷಣದಲ್ಲಿ ತಲುಪುತ್ತದೆ, ಯಾವ ವೋಲ್ಟೇಜಿನಲ್ಲಿ ಅದನ್ನು ಸರಿಯಾಗಿ ಓದಬಹುದು ಎಂಬುದು ಬೋರ್ಡಿನಿಂದ ಬೋರ್ಡಿಗೆ, ಸ್ಟಿಕ್ಕಿನಿಂದ ಸ್ಟಿಕ್ಕಿಗೆ ಬದಲಾಗುತ್ತದೆ. ಆದ್ದರಿಂದ ಫರ್ಮ್‌ವೇರ್ ಗೊತ್ತಿರುವ ವಿನ್ಯಾಸಗಳನ್ನು ಬರೆದು, ಓದಿ, ತಪ್ಪಿದರೆ ತುಸು ಹೊಂದಿಸಿ, ಮತ್ತೆ ಬರೆದು ಓದುತ್ತ ಹೋಗುತ್ತದೆ. ಇದಕ್ಕೇ ಮೆಮೊರಿ ಟ್ರೈನಿಂಗ್ ಎನ್ನುವುದು. ಹೊಸ ಹಾರ್ಮೋನಿಯಂಗೆ ತಂಬೂರಿ ಕೂಡಿಸಿಕೊಳ್ಳುವವರು ಕಿವಿಯಿಟ್ಟು ಒಂದೊಂದೇ ತಂತಿ ತಿರುವುವಂತೆ ಎಂದುಕೊಳ್ಳಿ. ತಮ್ಮ ಎಎಂ5 (ತಮ್ಮ ರೈಸನ್ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡಿನಂಥವುಗಳಲ್ಲಿ ಈ ಕೆಲಸವನ್ನು ಪ್ರೊಸೆಸರಿನೊಳಗಿನ ಪುಟ್ಟ ಭದ್ರತಾ ಪ್ರೊಸೆಸರು, ಮುಖ್ಯ ಕೋರ್‌ಗಳು ಇನ್ನೂ ಎದ್ದಿರದ ಹೊತ್ತಿನಲ್ಲಿಯೇ ಮಾಡುತ್ತದೆ. ಪರದೆ ಕಪ್ಪಾಗಿರುವುದು ಅದಕ್ಕಾಗಿಯೇ. ನವೀಕರಣದಿಂದ ಹಳೆಯ ಟ್ರೈನಿಂಗ್ ಫಲಿತಾಂಶ ಅಳಿದುಹೋಗಿರುವುದರಿಂದ ಮೊದಲ ಸಲ ನಾಲ್ಕೈದು ನಿಮಿಷ ಹಿಡಿದದ್ದು ದೋಷವಲ್ಲ. ಆಗ ತಾವು ಗುಂಡಿ ಮುಟ್ಟದೆ ಕುಳಿತದ್ದು ಬಹಳ ಒಳ್ಳೆಯದಾಯಿತು.

ಪ್ರತಿದಿನವೂ ಹೀಗಾಗುತ್ತಿರುವುದಕ್ಕೆ ಕಾರಣ ಬೇರೆ. ಒಮ್ಮೆ ಕಂಡುಕೊಂಡ ಫಲಿತಾಂಶವನ್ನು ಉಳಿಸಿಟ್ಟು ಮರುದಿನ ಅದನ್ನೇ ಬಳಸಲು ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಎಂಬ ಆಯ್ಕೆಯಿದೆ. ತಮಗೆ ಯಂತ್ರ ಜೋಡಿಸಿಕೊಟ್ಟವರು ಅದನ್ನು ಎನೇಬಲ್ ಮಾಡಿದ್ದಿರಬೇಕು; ನವೀಕರಣದಲ್ಲಿ ಅದು ಆಟೋಗೆ ಮರಳಿದೆ, ಎಕ್ಸ್‌ಪೋ ಹಾಕಿದ ಮೇಲೆ ಆಟೋ ಎಂದರೆ ಎಷ್ಟೋ ಬೋರ್ಡುಗಳಲ್ಲಿ ‘ಬೇಡ’ ಎಂದೇ ಅರ್ಥ. ರ‍್ಯಾಮ್ ಟೈಮಿಂಗ್‌ಗಳಿರುವ ಉಪಮೆನುವಿನಲ್ಲಿ, ಇಲ್ಲವೇ ಎಎಂಡಿ ಓವರ್‌ಕ್ಲಾಕಿಂಗ್ ಎಂಬ ಭಾಗದಲ್ಲಿ ಹುಡುಕಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಪ್ರಶ್ನೆ ಕೇಳಿದವರಿಂದ

ತಮ್ಮ ಊಹೆ ಅಕ್ಷರಶಃ ನಿಜವಾಯಿತು. ಗುಂಡಿ ಒತ್ತಿದ ಎರಡನೆಯ ಸೆಕೆಂಡಿಗೆ ಹಳದಿ ಡಿ-ರ‍್ಯಾಮ್ ದೀಪ ಹತ್ತಿ 49ನೆಯ ಸೆಕೆಂಡಿನವರೆಗೂ ಉರಿಯಿತು. ಲೋಗೋ ಬಂದದ್ದು 58ಕ್ಕೆ. ಅಲ್ಲಿಂದ ಡೆಸ್ಕ್‌ಟಾಪ್‌ಗೆ ಕೇವಲ 11 ಸೆಕೆಂಡು. ಎಸ್‌ಎಸ್‌ಡಿಯ ಮೇಲೆ ಬಂದ ಆರೋಪ ಇದರಿಂದಲೇ ಬಿದ್ದುಹೋಯಿತು. ತಾವು ಹೇಳಿದ ಆಯ್ಕೆಯನ್ನು ಎನೇಬಲ್ ಮಾಡಿದೆ. ಮರುದಿನ ಬೆಳಿಗ್ಗೆ ಒಟ್ಟು 22 ಸೆಕೆಂಡಿಗೇ ಎದ್ದಿತು. ಆದರೆ ಅದೇ ಮಧ್ಯಾಹ್ನ, ಪುಟಗಳನ್ನು ಪಿಡಿಎಫ್ ಮಾಡುತ್ತಿರುವಾಗ, ಎಂದೂ ಕಾಣದ ನೀಲಿ ಪರದೆ ಬಂದು ಯಂತ್ರ ರೀಸ್ಟಾರ್ಟ್ ಆಯಿತು. ಭಯಪಟ್ಟು ಆಯ್ಕೆಯನ್ನು ಮತ್ತೆ ಆಟೋಗೆ ಹಾಕಿದ್ದೇನೆ. ವೇಗ ಬೇಕೆಂದರೆ ಇದನ್ನು ಸಹಿಸಬೇಕೇ?

ಉತ್ತರ: ವಾಸ್ಕೊದಿಂದ

ಸಹಿಸಬೇಕಾಗಿಲ್ಲ, ನಾನು ಅರ್ಧವನ್ನೇ ಹೇಳಿ ಬಿಟ್ಟದ್ದು ತಪ್ಪಾಯಿತು. ಅದೇ ಮೆನುವಿನ ಆಸುಪಾಸಿನಲ್ಲಿ ‘ಪವರ್ ಡೌನ್ ಎನೇಬಲ್’ ಎಂಬ ಇನ್ನೊಂದು ಆಯ್ಕೆಯಿರುತ್ತದೆ (ಕೆಲಸವಿಲ್ಲದಾಗ ರ‍್ಯಾಮನ್ನು ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಇಳಿಸುವುದು). ಮೊದಲನೆಯದನ್ನು ಹಾಕಿ ಇದನ್ನು ಡಿಸೇಬಲ್ ಆಗಿ ಬಿಟ್ಟರೆ ಕೆಲವು ಯಂತ್ರಗಳು ಅಸ್ಥಿರವಾಗುತ್ತವೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಎನೇಬಲ್ ಮಾಡಿ. ಆಮೇಲೆ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ರಾತ್ರಿ ಮಲಗುವಾಗ ಓಡಲು ಬಿಡಿ. ಒಂದೇ ಒಂದು ತಪ್ಪು ಕಾಣಿಸಿದರೂ ಎಕ್ಸ್‌ಪೋ ಬಿಟ್ಟು 5600ರಂಥ ಕಡಿಮೆ ವೇಗಕ್ಕೆ ಇಳಿಯಿರಿ. ಪುಟವಿನ್ಯಾಸಕ್ಕೆ ಆ ವ್ಯತ್ಯಾಸ ತಿಳಿಯುವುದೂ ಇಲ್ಲ, ಕೆಟ್ಟ ರ‍್ಯಾಮಿನಿಂದ ಹಾಳಾದ ಕಡತವಾದರೆ ತಿಳಿಯುತ್ತದೆ. ಸಮುದ್ರದ ಗಾಳಿಗೆ ಇಲ್ಲಿ ಸ್ಟಿಕ್ಕುಗಳ ಚಿನ್ನದ ಬಣ್ಣದ ಅಂಚು ಮಾಸುವುದನ್ನು ಕಂಡಿದ್ದೇನೆ; ಹೊರತೆಗೆದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹಾಕಿ.

ಉತ್ತರ: ಪುಣೆಯಿಂದ

ನೆಟ್‌ವರ್ಕ್ ಬೂಟ್ ಎಂದು ಹೇಳಿ ದಾರಿ ತಪ್ಪಿಸಿದೆನೇನೋ, ಕ್ಷಮಿಸಿ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಬಯೋಸ್ ನವೀಕರಣದಲ್ಲಿ ಎಫ್‌ಟಿಪಿಎಂ (ಗೂಢಲಿಪಿಯ ಕೀಗಳನ್ನು ಕಾಯುವ, ಪ್ರೊಸೆಸರಿನೊಳಗಿನ ಭದ್ರತಾ ವ್ಯವಸ್ಥೆ) ಕೂಡ ಅಳಿಯಬಹುದು. ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಈ ಸಲ ತಮಗೆ ಕೇಳಲಿಲ್ಲವೆಂದರೆ ಮುಂದಿನ ಸಲವೂ ಕೇಳದೆಂದಲ್ಲ. ಮುಂದೆ ನವೀಕರಿಸುವ ಮುನ್ನ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ, ಕೀಯನ್ನು ಕಾಗದದ ಮೇಲೆ ಬರೆದಿಟ್ಟು, ಬಯೋಸ್‌ನ ಪ್ರತಿ ಪುಟದ ಫೋಟೊ ಫೋನಿನಲ್ಲಿ ತೆಗೆದುಕೊಳ್ಳಿ. ಬಯೋಸ್‌ನೊಳಗೇ ಉಳಿಸಿದ ಪ್ರೊಫೈಲನ್ನು ಹೊಸ ಆವೃತ್ತಿ ಎಷ್ಟೋ ಸಲ ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎರಡೂ ಆಯ್ಕೆಗಳನ್ನು ಎನೇಬಲ್ ಮಾಡಿ ಇಂದಿಗೆ ಆರು ದಿನ. ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿ ನಾಲ್ಕು ಸುತ್ತು ಮುಗಿಸಿತು, ಒಂದೂ ತಪ್ಪಿಲ್ಲ. ನೀಲಿ ಪರದೆ ಮತ್ತೆ ಬಂದಿಲ್ಲ. ಇಂದು ಬೆಳಿಗ್ಗೆ ಅಳೆದಾಗ ಹಳದಿ ದೀಪ ನಾಲ್ಕು ಸೆಕೆಂಡು ಉರಿದು ಆರಿತು, 23ಕ್ಕೆ ಡೆಸ್ಕ್‌ಟಾಪ್ ಬಂತು. ಬಯೋಸ್‌ನ ಹದಿನೇಳು ಫೋಟೊಗಳೂ ಫೋನಿನಲ್ಲಿವೆ. ಸಂಚಿಕೆ ನಿನ್ನೆ ಅಚ್ಚಿಗೆ ಹೋಯಿತು. ರಿಪೇರಿಯವರಿಗೆ ಇನ್ನೂ ಹೇಳಿಲ್ಲ. ಕ್ಯಾಬಿನೆಟ್ಟಿನ ಬಾಗಿಲಿನ ಒಂದು ಸ್ಕ್ರೂ ಕಳೆದುಹೋಗಿದೆ, ಅದನ್ನು ಕೇಳಲು ಹೋದಾಗ ಹೇಳುತ್ತೇನೆ.