ಮೆದುಳಿಗೆ ಹಬ್ಬಿದ ಶ್ವಾಸಕೋಶದ ಕ್ಯಾನ್ಸರ್: ಇಡೀ ತಲೆಗೆ ವಿಕಿರಣ ಬೇಕೇ?

ಪ್ರಶ್ನೆ:
ನಮಸ್ಕಾರ. ನನ್ನ ತಾಯಿಗೆ 58 ವರ್ಷ. ಬೀಡಿ, ಸಿಗರೇಟು ಎಂದೂ ಮುಟ್ಟದ ಅವರಿಗೆ ಶ್ವಾಸಕೋಶದ ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್ ಇರುವುದು ಕಳೆದ ತಿಂಗಳು ತಿಳಿಯಿತು. ಪೆಟ್ ಸ್ಕ್ಯಾನಿನಲ್ಲಿ ಮೆದುಳು ಸರಿಯಾಗಿದೆ ಎಂದಿತ್ತು. ಎರಡೇ ವಾರದ ನಂತರ ಎಂಆರ್‌ಐ ಮಾಡಿಸಿದಾಗ ಮೂರು ಸಣ್ಣ ಗಡ್ಡೆಗಳು ಕಂಡವು. ತಲೆನೋವಾಗಲಿ ವಾಂತಿಯಾಗಲಿ ಅವರಿಗಿಲ್ಲ. ಇಡೀ ತಲೆಗೆ ವಿಕಿರಣ ಕೊಡಬೇಕಾಗಬಹುದು ಎಂದಿದ್ದಾರೆ. ಕ್ಯಾನ್ಸರಿನ ಜೀನ್ ಪರೀಕ್ಷೆಯ ವರದಿ ಇನ್ನೂ ಬಂದಿಲ್ಲ. ಮೊದಲ ಸ್ಕ್ಯಾನ್ ತಪ್ಪಿತೇ? ಅಮ್ಮನ ನೆನಪಿನ ಶಕ್ತಿ ಉಳಿಯುವಂಥ ದಾರಿ ಇದೆಯೇ?

ಉತ್ತರ 1, ವಿಕಿರಣ ಚಿಕಿತ್ಸಾ ವೈದ್ಯ:
ಅದನ್ನು ತಪ್ಪೆಂದು ತಿಳಿಯಬೇಡಿ. ಸಕ್ಕರೆಯನ್ನು ಹೆಚ್ಚು ಹೀರುವ ಜಾಗ ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತದೆ. ಆರೋಗ್ಯವಂತ ಮೆದುಳೂ ಸಕ್ಕರೆಯನ್ನು ಧಾರಾಳವಾಗಿ ಬಳಸುವುದರಿಂದ ಸಣ್ಣ ಗಡ್ಡೆ ಆ ಹೊಳಪಿನಲ್ಲಿ ಮರೆಯಾಗುತ್ತದೆ. ಆದ್ದರಿಂದಲೇ ಗಡ್ಡೆಯನ್ನು ಎದ್ದು ಕಾಣಿಸುವ ಗ್ಯಾಡೋಲಿನಿಯಮ್ ದ್ರಾವಣ ಚುಚ್ಚಿ ಮಾಡುವ ಎಂಆರ್‌ಐ ಬೇಕಾಗುತ್ತದೆ.

ಮೂರೇ ಸಣ್ಣ ಗಡ್ಡೆಗಳಿದ್ದರೆ ಅವುಗಳಿಗೆ ಮಾತ್ರ ಗುರಿಯಿಟ್ಟು ಹೆಚ್ಚಿನ ವಿಕಿರಣ ನೀಡುವ ರೇಡಿಯೋಸರ್ಜರಿಯ ಬಗ್ಗೆ ಅವಶ್ಯ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಮಾಡುವ ಗಾಮಾ ನೈಫ್ ಯಂತ್ರದ ಸೌಲಭ್ಯವಿದೆ. ರೇಡಿಯೋಸರ್ಜರಿ ಪಡೆದವರಲ್ಲಿ ಐದರಿಂದ ಹತ್ತು ಗಡ್ಡೆಗಳಿದ್ದವರೂ ಎರಡರಿಂದ ನಾಲ್ಕು ಇದ್ದವರಷ್ಟೇ ಕಾಲ ಬದುಕಿದರೆಂದು ಜಪಾನಿನ ವೈದ್ಯರು 2014ರಲ್ಲಿ ಪ್ರಕಟಿಸಿದ್ದಾರೆ. ಹಾಗಾಗಿ ಸಂಖ್ಯೆಯೊಂದನ್ನೇ ನೋಡಿ ಹೆದರಬೇಕಿಲ್ಲ. ಇಡೀ ಮೆದುಳಿಗೆ ಕೊಡಲೇಬೇಕಾದಾಗಲೂ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗವನ್ನು ತಪ್ಪಿಸಿ, ಜೊತೆಗೆ ನೆನಪಿನ ಶಕ್ತಿ ಕಾಪಾಡಲು ಮೆಮಂಟೈನ್ ಮಾತ್ರೆ ಕೊಡುವ ಕ್ರಮವಿದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಆ ಜೀನ್ ವರದಿ. ಧೂಮಪಾನ ಮಾಡದವರಲ್ಲಿ ಇಜಿಎಫ್ಆರ್ ಅಥವಾ ಎಎಲ್‌ಕೆ ಜೀನಿನಲ್ಲಿ ಬದಲಾವಣೆ ಸಿಗುವ ಸಾಧ್ಯತೆ ಹೆಚ್ಚು. ಮೊದಲನೆಯದಕ್ಕೆ ಒಸಿಮರ್ಟಿನಿಬ್, ಎರಡನೆಯದಕ್ಕೆ ಅಲೆಕ್ಟಿನಿಬ್ ಅಥವಾ ಲೊರ್ಲಾಟಿನಿಬ್ ಮಾತ್ರೆಗಳು ಮೆದುಳಿನೊಳಗೂ ತಲುಪಿ ಗಡ್ಡೆಯನ್ನು ಕುಗ್ಗಿಸಬಲ್ಲವು. ತೊಂದರೆಯ ಲಕ್ಷಣವಿಲ್ಲದವರಲ್ಲಿ ಮಾತ್ರೆಯಿಂದ ಆರಂಭಿಸಿ, ಎಂಆರ್‌ಐ ಮೂಲಕ ನಿಗಾ ಇಟ್ಟು, ವಿಕಿರಣವನ್ನು ಮುಂದೂಡುವುದೂ ಉಂಟು. ನಿಮ್ಮ ತಾಯಿಯವರ ವಿಷಯದಲ್ಲಿ ಆ ವರದಿ ಬರುವವರೆಗೆ ಕಾಯಬಹುದೇ ಎಂದು ವೈದ್ಯರನ್ನು ನೇರವಾಗಿಯೇ ಕೇಳಿ.

ಉತ್ತರ 2:
ನಮ್ಮ ತಂದೆಯವರಿಗೂ ಹೀಗೆಯೇ ಆಗಿತ್ತು. ಮೆದುಳಿನ ಊತಕ್ಕೆ ಕೊಟ್ಟ ಸ್ಟೀರಾಯ್ಡ್ ಔಷಧ ಡೆಕ್ಸಾಮೆಥಾಸೋನ್‌ನಿಂದ ಸಕ್ಕರೆಯ ಪ್ರಮಾಣ ಏರಿತು. ನಿಮ್ಮ ತಾಯಿಯವರಿಗೂ ಅದನ್ನು ಆರಂಭಿಸಿದರೆ ಸಕ್ಕರೆಯನ್ನು ಪರೀಕ್ಷಿಸುತ್ತಿರಿ, ಆ ಔಷಧವನ್ನು ತಾವಾಗಿಯೇ ಏಕಾಏಕಿ ನಿಲ್ಲಿಸಬೇಡಿ. ಫಿಟ್ಸ್ ಬಂದರೆ, ಮಾತು ತೊದಲಿದರೆ ಅಥವಾ ಒಂದು ಕೈ ಸೋತರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದಗಳು. ಪರೀಕ್ಷೆಗೆ ತೆಗೆದ ಗಡ್ಡೆಯ ಮಾದರಿ ಸಾಲದಿದ್ದರೆ ರಕ್ತದಿಂದಲೂ ಜೀನ್ ಪರೀಕ್ಷೆ ಮಾಡಬಹುದೇ?

ಉತ್ತರ 1:
ಮಾಡಬಹುದು. ಆದರೆ ರಕ್ತದಲ್ಲಿ ಬದಲಾವಣೆ ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆಗ ಗಡ್ಡೆಯ ಚೂರನ್ನು ಮತ್ತೆ ತೆಗೆದು ಪರೀಕ್ಷಿಸಬೇಕಾಗುತ್ತದೆ.